ಮೇ ಮೂರರ ಪ್ರತಿಜ್ಞೆ: ಪೋಲೆಂಡಿನ ಸಂವಿಧಾನವನ್ನು ಹೊತ್ತು ನಡೆದ ವಲಸಿಗರು

ಮೇ ತಿಂಗಳು ಮಾತೆ ಮರಿಯಮ್ಮನವರಿಗೆ ಅರ್ಪಿತವಾದ ತಿಂಗಳು. ಈ ತಿಂಗಳ 3ನೆಯ ತಾರೀಕಿನಂದು ಪೋಲೆಂಡ್ ದೇಶದಲ್ಲಿ ಎರಡು ಹಬ್ಬಗಳು ಕೂಡಿಬರುತ್ತವೆ. ಒಂದು, 1791ರಲ್ಲಿ ಆ ರಾಷ್ಟ್ರವು ಅಂಗೀಕರಿಸಿದ ಸಂವಿಧಾನದ ಹಬ್ಬ. ಮತ್ತೊಂದು, ಪೋಲೆಂಡಿನ ರಾಣಿ ಎಂಬ ಬಿರುದಿನಿಂದ ಗೌರವಿಸಲ್ಪಡುವ ದೇವಮಾತೆಯ ಹಬ್ಬ. ಅದರ ಹಿಂದಿನ ದಿನವಾದ ಮೇ 2, 2002ರಿಂದ ಹೊರದೇಶಗಳಲ್ಲಿ ನೆಲೆಸಿದ ಪೋಲಿಷ್ ಜನರ ದಿನವಾಗಿದೆ. ಸಂವಿಧಾನ, ದೇವಮಾತೆ, ವಲಸಿಗ ಎಂಬ ಈ ಮೂರು ಪಂಚಾಂಗದಲ್ಲಿ ಒತ್ತೊತ್ತಾಗಿ ನಿಂತಿರುವುದಕ್ಕೆ ಕಾರಣವನ್ನು ಹುಡುಕಹೊರಟರೆ, ಪ್ರತಿಜ್ಞೆ ಎಂಬ ಮಾತಿನ ಆಳ ನಮಗೆ ಗೋಚರವಾಗುತ್ತದೆ.

ಹದಿನಾಲ್ಕು ತಿಂಗಳ ಸಂವಿಧಾನ

ಹದಿನೆಂಟನೆಯ ಶತಮಾನದ ಪೋಲೆಂಡ್-ಲಿಥುವೇನಿಯಾ ವಿಶಾಲವಾದ ರಾಜ್ಯವಾಗಿತ್ತು. ಆದರೆ ಅದರ ಸಂಸತ್ತಿನಲ್ಲಿ ಒಬ್ಬನೇ ಸದಸ್ಯ ಎದ್ದುನಿಂತು ‘ಒಪ್ಪುವುದಿಲ್ಲ’ ಎಂದರೆ ಇಡೀ ಅಧಿವೇಶನವೇ ಮುರಿದುಬೀಳುತ್ತಿತ್ತು. ಕುಲೀನರು ಸ್ವಾತಂತ್ರ್ಯದ ಕಿರೀಟವೆಂದು ಹೆಮ್ಮೆಪಡುತ್ತಿದ್ದ ಈ ಹಕ್ಕನ್ನು ನೆರೆಯ ಬಲಾಢ್ಯ ರಾಜ್ಯಗಳು ಹಣಕೊಟ್ಟು ಕೊಳ್ಳತೊಡಗಿದವು. 1772ರಲ್ಲಿ ರಷ್ಯಾ, ಪ್ರಷ್ಯಾ ಮತ್ತು ಆಸ್ಟ್ರಿಯಾ ಸೇರಿ ಆ ನಾಡಿನ ದೊಡ್ಡದೊಂದು ಭಾಗವನ್ನು ಹಂಚಿಕೊಂಡವು. ಆಗ ಎಚ್ಚೆತ್ತ ಸುಧಾರಕರು 1788ರಲ್ಲಿ ಆರಂಭವಾದ ಮಹಾ ಸಂಸತ್ತಿನಲ್ಲಿ ಹೊಸ ವ್ಯವಸ್ಥೆಯ ಕರಡನ್ನು ಸಿದ್ಧಪಡಿಸಿದರು. ರಾಜ ಸ್ಟಾನಿಸ್ಲಾವ್ ಆಗಸ್ಟ್, ಇಗ್ನಾಸಿ ಪೊಟೊಟ್ಸ್ಕಿ ಮತ್ತು ಕಥೋಲಿಕ ಧರ್ಮಗುರು ಹ್ಯೂಗೊ ಕೊವೊಂತೈ ಅದರ ಪ್ರಮುಖ ಕರ್ತೃಗಳು.

ಈಸ್ಟರ್ ರಜೆಗೆ ಹೋಗಿದ್ದ ವಿರೋಧಿಗಳಲ್ಲಿ ಹೆಚ್ಚಿನವರು ಮರಳುವ ಮುನ್ನವೇ, 1791ರ ಮೇ 3ರಂದು, ವಾರ್ಸಾದ ಅರಮನೆಯಲ್ಲಿ ಸಂವಿಧಾನ ಅಂಗೀಕೃತವಾಯಿತು. ರಾಜನೂ ಸದಸ್ಯರೂ ಅಲ್ಲಿಂದ ಸಮೀಪದ ಸಂತ ಯೊವಾನ್ನರ ದೇವಾಲಯಕ್ಕೆ ನಡೆದು, ಅದಕ್ಕೆ ನಿಷ್ಠರಾಗಿರುವೆವೆಂದು ದೇವರ ಮುಂದೆ ಪ್ರಮಾಣ ಮಾಡಿ ಕೃತಜ್ಞತಾ ಸ್ತೋತ್ರವನ್ನು ಹಾಡಿದರು. ಹನ್ನೊಂದು ವಿಧಿಗಳ ಆ ಪತ್ರವನ್ನು ಯೂರೋಪಿನ ಮೊದಲ ಆಧುನಿಕ ಲಿಖಿತ ಸಂವಿಧಾನವೆಂದು ಅನೇಕ ಇತಿಹಾಸಕಾರರು ಪರಿಗಣಿಸುತ್ತಾರೆ. ಅದು ಒಬ್ಬನ ನಿಷೇಧಾಧಿಕಾರವನ್ನು ರದ್ದುಪಡಿಸಿತು; ಶಾಸನ, ಆಡಳಿತ, ನ್ಯಾಯ ಎಂಬ ಮೂರು ಅಧಿಕಾರಗಳನ್ನು ಬೇರ್ಪಡಿಸಿತು; ನಗರವಾಸಿಗಳಿಗೆ ಹಕ್ಕುಗಳನ್ನು ನೀಡಿತು.

ಅದರ ಆಯುಷ್ಯ ಅಲ್ಪವಾಗಿತ್ತು. ತಮ್ಮ ಹಳೆಯ ಸವಲತ್ತುಗಳನ್ನು ಕಳೆದುಕೊಂಡ ಕೆಲವು ಶ್ರೀಮಂತರು ರಷ್ಯಾದ ಸಾಮ್ರಾಜ್ಞಿ ಕ್ಯಾಥರೀನಳ ನೆರವನ್ನು ಬೇಡಿದರು. 1792ರ ಮೇ ತಿಂಗಳಲ್ಲಿ ಆಕೆಯ ಸೈನ್ಯ ಗಡಿ ದಾಟಿತು. ಜುಲೈ ತಿಂಗಳಲ್ಲಿ ರಾಜನೇ ವಿರೋಧಿಗಳ ಕೂಟಕ್ಕೆ ಶರಣಾದನು. ಹದಿನಾಲ್ಕು ತಿಂಗಳುಗಳಿಗೆ ತುಸು ಮೇಲ್ಪಟ್ಟ ಅವಧಿಯಲ್ಲಿ ಎಲ್ಲವೂ ಮುಗಿಯಿತು. 1793 ಮತ್ತು 1795ರ ವಿಭಜನೆಗಳ ಬಳಿಕ ಭೂಪಟದಿಂದ ಅಳಿಸಿಹೋದ ಪೋಲೆಂಡ್ 1918ರವರೆಗೆ, ಅಂದರೆ 123 ವರ್ಷಗಳ ಕಾಲ, ಸ್ವತಂತ್ರ ರಾಷ್ಟ್ರವಾಗಿ ಇರಲಿಲ್ಲ.

ನೆನಪಿಗೆ ನೆಲೆಯಾದ ಪರದೇಶ

ರಾಷ್ಟ್ರವೇ ಇಲ್ಲದಿರುವಾಗ ರಾಷ್ಟ್ರೀಯ ಹಬ್ಬವನ್ನು ಆಚರಿಸುವವರು ಯಾರು? ರಷ್ಯಾದ ವಶದಲ್ಲಿದ್ದ ಭಾಗದಲ್ಲಿ ಮೇ 3ರ ಆಚರಣೆಗೆ ನಿಷೇಧವಿತ್ತು. 1830-31ರ ದಂಗೆ ಸೋತ ಬಳಿಕ ಸಾವಿರಾರು ಮಂದಿ ದೇಶಭ್ರಷ್ಟರಾಗಿ ಫ್ರಾನ್ಸನ್ನು ಸೇರಿದರು. ಕವಿ ಆದಂ ಮಿತ್ಸ್ಕಿಯೆವಿಚ್ ತನ್ನ ‘ಪಾನ್ ತಾದೆಉಷ್’ ಮಹಾಕಾವ್ಯವನ್ನು 1834ರಲ್ಲಿ ಪ್ರಕಟಿಸಿದುದು ಪ್ಯಾರಿಸಿನಲ್ಲಿ. ಆ ಕಾವ್ಯದ ಕೊನೆಯಲ್ಲಿ ಮೇ 3ರ ಸಂಭ್ರಮವನ್ನು ತಂತಿವಾದ್ಯದಲ್ಲಿ ನುಡಿಸಿ ಕೇಳುಗರ ಕಣ್ಣನ್ನು ತೇವಗೊಳಿಸುವವನು ಯಾಂಕಿಯೆಲ್ ಎಂಬ ಯೆಹೂದಿ ಎಂಬುದನ್ನು ನಾವು ಮರೆಯಬಾರದು. ಕಥೋಲಿಕ ಬಹುಸಂಖ್ಯಾತ ನಾಡಿನ ಕವಿ ತನ್ನ ದೇಶದ ಅತ್ಯಮೂಲ್ಯ ನೆನಪನ್ನು ಅನ್ಯಧರ್ಮೀಯನ ಬೆರಳುಗಳಿಗೆ ಒಪ್ಪಿಸಿದನು.

ಅದೇ ಪ್ಯಾರಿಸಿನಲ್ಲಿ 1836ರಲ್ಲಿ ಪೋಲಿಷ್ ನಿರಾಶ್ರಿತರ ನಡುವೆ ಪುನರುತ್ಥಾನ ಸಭೆ ಎಂಬ ಧಾರ್ಮಿಕ ಸಂಸ್ಥೆ ಹುಟ್ಟಿತು. ಮುಂದೆ ಆ ಸಭೆಯ ಗುರುಗಳು ಅಟ್ಲಾಂಟಿಕ್ ಸಾಗರವನ್ನು ದಾಟಿ ಶಿಕಾಗೋ ನಗರದ ಸಂತ ಸ್ಟಾನಿಸ್ಲಾಸ್ ಕೋಸ್ಕಾ ಧರ್ಮಕೇಂದ್ರದ ಹೊಣೆಯನ್ನು ಹೊತ್ತರು. 1867ರಲ್ಲಿ ಸ್ಥಾಪನೆಯಾದ, ಆ ನಗರದ ಪ್ರಥಮ ಪೋಲಿಷ್ ಧರ್ಮಕೇಂದ್ರವದು. 1890ರ ದಶಕದ ಕೊನೆಗೆ ಅಲ್ಲಿನ ಭಕ್ತರ ಸಂಖ್ಯೆ ಸುಮಾರು 40 ಸಾವಿರಕ್ಕೆ ಏರಿತ್ತು. ಸಂವಿಧಾನದ ಶತಮಾನೋತ್ಸವದ ಮರುವರ್ಷ, 1892ರಲ್ಲಿ, ಶಿಕಾಗೋದಲ್ಲಿ ಮೇ 3ರ ವಾರ್ಷಿಕ ಮೆರವಣಿಗೆಯ ಪರಂಪರೆ ಆರಂಭವಾಯಿತು. ತಾಯ್ನಾಡಿನಲ್ಲಿ ಎತ್ತಲಾಗದ ಧ್ವಜವನ್ನು ಕಸಾಯಿಖಾನೆ ಮತ್ತು ಉಕ್ಕಿನ ಕಾರ್ಖಾನೆಗಳ ಕೂಲಿಗಳು ಪರನಾಡಿನ ಬೀದಿಯಲ್ಲಿ ಎತ್ತಿಹಿಡಿದರು.

ಈ ಕೂಲಿಗಳು ಯಾರೆಂಬುದು ವಿಚಾರಯೋಗ್ಯ. ಅವರಲ್ಲಿ ಹೆಚ್ಚಿನವರು ಜೀತದ ರೈತರ ಮಕ್ಕಳು ಮತ್ತು ಮೊಮ್ಮಕ್ಕಳು. 1791ರ ಸಂವಿಧಾನ ಅವರ ಹಿರಿಯರನ್ನು ಜೀತದಿಂದ ಬಿಡಿಸಿರಲಿಲ್ಲ. ರೈತರನ್ನು ಕಾನೂನಿನ ರಕ್ಷಣೆಯಡಿಗೆ ತರುವುದಾಗಿ ಮಾತ್ರ ಅದು ಹೇಳಿತ್ತು. ಇನ್ನೂ ಹಿಂದಕ್ಕೆ ಹೋದರೆ, 1656ರ ಏಪ್ರಿಲ್ 1ರಂದು ರಾಜ ಯಾನ್ ಕಾಜಿಮಿರ್ ಲ್ವೂಫ್ ನಗರದ ಪ್ರಧಾನಾಲಯದಲ್ಲಿ ಮರಿಯಮ್ಮನವರನ್ನು ತನ್ನ ರಾಜ್ಯದ ರಾಣಿಯೆಂದು ಸಾರಿದಾಗ, ರೈತರನ್ನು ಅನ್ಯಾಯದ ಹೊರೆಗಳಿಂದ ಬಿಡಿಸುವೆನೆಂದೂ ಆಣೆಯಿಟ್ಟಿದ್ದನು. ಬಿರುದು ಕೂಡಲೇ ನಾಡಿನ ನಾಲಗೆಯ ಮೇಲೆ ನೆಲೆಗೊಂಡಿತು. ಆದರೆ ರಷ್ಯಾದ ಭಾಗದ ರೈತನಿಗೆ ತಾನು ಉಳುವ ಭೂಮಿ ತನ್ನದೆನ್ನಲು 1864ರವರೆಗೆ ಕಾಯಬೇಕಾಯಿತು. ದೇವಮಾತೆಯ ಮುಂದೆ ಮಾಡಿದ ಪ್ರತಿಜ್ಞೆಯಲ್ಲಿ ಹಾಡಲು ಸುಲಭವಾದ ಭಾಗವನ್ನು ಮಾತ್ರ ಉಳಿಸಿಕೊಳ್ಳುವ ಅಪಾಯ ಎಲ್ಲ ಕಾಲದ ಭಕ್ತರಿಗೂ ಇದೆ.

ಹೀಗಿದ್ದೂ ರೈತರ ಮೊಮ್ಮಕ್ಕಳು ಆ ಸಂವಿಧಾನವನ್ನು ತಮ್ಮದೆಂದು ಸ್ವೀಕರಿಸಿದುದೇಕೆ? ಒಂದು ಜನತೆ ಯಾವುದನ್ನು ಒಟ್ಟಾಗಿ ಪ್ರೀತಿಸುತ್ತದೋ ಅದರಿಂದಲೇ ಅದು ಜನತೆಯೆನಿಸುತ್ತದೆ ಎಂಬುದು ಸಂತ ಅಗಸ್ತೀನರ ವಿಚಾರ. ಶಿಕಾಗೋದ ಕೂಲಿ ಪ್ರೀತಿಸಿದ್ದು ಆ ಪತ್ರವು ಸಾಧಿಸಿದ್ದಕ್ಕಿಂತ ಹೆಚ್ಚಾಗಿ, ಅದು ತೆರೆದಿಟ್ಟ ಬಾಗಿಲನ್ನು. ನಾಡನ್ನು ಬಲದಿಂದಲ್ಲದೆ ಒಪ್ಪಿಗೆಯಿಂದ ಆಳಬಹುದೆಂಬ ಮಾತು ಒಮ್ಮೆ ಬಹಿರಂಗವಾಗಿ ನುಡಿಯಲ್ಪಟ್ಟಿತ್ತು; ಅದರಲ್ಲಿ ತನಗೂ ಪಾಲಿದೆಯೆಂದು ಕೇಳುವ ಧೈರ್ಯ ಅವನಿಗೆ ಬಂದಿತ್ತು.

ವಲಸಿಗರ ಬಾಳು ಸಾಮರಸ್ಯದ ಚಿತ್ರವೇನೂ ಆಗಿರಲಿಲ್ಲ. ಧರ್ಮ ಮೊದಲೋ ದೇಶ ಮೊದಲೋ ಎಂಬ ವಾದದಲ್ಲಿ ಅಮೆರಿಕೆಯ ಪೋಲಿಷರ ಎರಡು ಮಹಾಸಂಘಗಳು ದಶಕಗಳ ಕಾಲ ಸೆಣಸಿದವು. ದೇವಾಲಯದ ಆಸ್ತಿ ಮತ್ತು ಆಡಳಿತದ ಜಗಳ ವಿಕೋಪಕ್ಕೆ ಹೋಗಿ 1897ರಲ್ಲಿ ಸ್ಕ್ರಾಂಟನ್ ನಗರದ ಒಂದು ಗುಂಪು ರೋಮಿನಿಂದಲೇ ಬೇರೆಯಾಯಿತು. ಪರದೇಶದಲ್ಲಿ ತಮ್ಮ ನುಡಿಯಲ್ಲಿ ಪ್ರಾರ್ಥಿಸುವ, ತಮ್ಮ ದುಡಿಮೆಯಿಂದ ಕಟ್ಟಿದ ಗುಡಿಯ ಬಗೆಗೆ ಮಾತನಾಡುವ ಹಕ್ಕನ್ನು ಬಯಸಿದವರ ನೋವನ್ನು ಸಕಾಲದಲ್ಲಿ ಆಲಿಸಿದ್ದರೆ ಆ ಗಾಯ ಆಗುತ್ತಿತ್ತೇ ಎಂದು ಧರ್ಮಸಭೆಯ ಸೇವಕರಾದ ನಾವು ಕೇಳಿಕೊಳ್ಳಲೇಬೇಕು.

ನಮ್ಮ ನೆರೆಗೂ ಬಂದ ನಿರಾಶ್ರಿತರು

ಈ ಕಥೆಯ ಒಂದು ಎಳೆ ನಮ್ಮ ಸಮೀಪಕ್ಕೂ ಚಾಚಿದೆ. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಆಡಳಿತವು ಸೈಬೀರಿಯಾ ಮೊದಲಾದೆಡೆಗೆ ಗಡೀಪಾರು ಮಾಡಿದ್ದ ಪೋಲಿಷ್ ಕುಟುಂಬಗಳು ಇರಾನಿನ ಮಾರ್ಗವಾಗಿ ಭಾರತವನ್ನು ತಲುಪಿದವು. 1942ರಲ್ಲಿ ನವಾನಗರದ ಜಾಮ್ ಸಾಹೇಬರು ಬಾಲಾಚಡಿಯಲ್ಲಿ ಅನಾಥ ಮಕ್ಕಳಿಗೆ ಆಶ್ರಯವಿತ್ತರು. 1943ರಿಂದ 1948ರವರೆಗೆ ನಮ್ಮ ಬೆಳಗಾವಿಯ ನೆರೆಯ ಕೊಲ್ಹಾಪುರದ ವಳಿವಡೆಯಲ್ಲಿ ಸುಮಾರು 5,000 ಮಂದಿ, ಬಹುಪಾಲು ಮಹಿಳೆಯರು ಮತ್ತು ಮಕ್ಕಳು, ತಮ್ಮದೇ ಶಾಲೆ, ದೇವಾಲಯಗಳೊಡನೆ ಬಾಳಿದರು. ಇದಕ್ಕೂ ಮೊದಲೇ ಬೆಂಗಳೂರಿನ ಸರಕಾರಿ ವಿದ್ಯುತ್ ಉಪಕರಣ ಕಾರ್ಖಾನೆಯ ಮುಖ್ಯಸ್ಥರಾಗಿದ್ದ, ಪೋಲೆಂಡಿನ ಯೆಹೂದಿ ಮನೆತನದ ಇಂಜಿನಿಯರ್ ಮಾರಿಸ್ ಫ್ರೀಡ್ಮನ್, 1938-39ರಲ್ಲಿ ಗಾಂಧೀಜಿಯವರ ಮಾರ್ಗದರ್ಶನದಲ್ಲಿ ರೂಪುಗೊಂಡ ಔಂಧ್ ಸಂಸ್ಥಾನದ ಸಂವಿಧಾನದ ರಚನೆಯಲ್ಲಿ ನೆರವಾಗಿದ್ದರು. ರಾಜನ ಅಧಿಕಾರವನ್ನು ಹಳ್ಳಿಯ ಪಂಚಾಯತಿಗೆ ಒಪ್ಪಿಸಿದ ಸಂವಿಧಾನವದು.

ಮರಳಿ ಬಂದ ಮುದ್ರೆಗಳು

1919ರಲ್ಲಿ ಪುನಃ ರಾಷ್ಟ್ರೀಯ ಹಬ್ಬವಾದ ಮೇ 3, ಜರ್ಮನ್ ಆಕ್ರಮಣದಲ್ಲಿಯೂ ಆ ನಂತರದ ಕಮ್ಯುನಿಸ್ಟ್ ಆಡಳಿತದಲ್ಲಿಯೂ ತುಳಿಯಲ್ಪಟ್ಟು, 1990ರಲ್ಲಿ ಮತ್ತೆ ತಲೆಯೆತ್ತಿತು. ಅದೇ ವರ್ಷ ಡಿಸೆಂಬರ್ 22ರಂದು, ಐವತ್ತು ವರ್ಷಗಳಿಂದ ಪರದೇಶದಲ್ಲಿದ್ದ ನಿರ್ವಾಸಿತ ಸರಕಾರದ ಕೊನೆಯ ಅಧ್ಯಕ್ಷ ರಿಷಾರ್ಡ್ ಕಚೊರೋವ್ಸ್ಕಿ ಲಂಡನ್ನಿನಿಂದ ಬಂದು, ರಾಜ್ಯದ ಧ್ವಜ, ಮುದ್ರೆಗಳು ಮತ್ತು 1935ರ ಸಂವಿಧಾನದ ಮೂಲಪ್ರತಿಯನ್ನು ಲೆಖ್ ವಲೇಸಾ ಅವರಿಗೆ ಒಪ್ಪಿಸಿದರು. ಸಮಾರಂಭ ನಡೆದುದು 1791ರ ಸಂವಿಧಾನ ಹುಟ್ಟಿದ ಅದೇ ಅರಮನೆಯಲ್ಲಿ. 1944ರಲ್ಲಿ ಜರ್ಮನರು ನೆಲಸಮಗೊಳಿಸಿದ್ದ ಅದನ್ನು 1971ರ ಬಳಿಕ ಪುನಃ ಕಟ್ಟಿದ್ದು ಜನರ ಕಾಣಿಕೆಯಿಂದ; ಹೊರದೇಶದ ಪೋಲಿಷರ ಹಣವೂ ಅದರಲ್ಲಿತ್ತು.

ಇನ್ನೊಂದು ಹರಕೆಯೂ ಉಳಿದಿತ್ತು. 1791ರ ಮೇ 5ರಂದು ಸಂಸತ್ತು ಸಂವಿಧಾನಕ್ಕೆ ಕೃತಜ್ಞತೆಯಾಗಿ ದೈವಾನುಗ್ರಹದ ದೇವಾಲಯವನ್ನು ಕಟ್ಟಿಸುವುದಾಗಿ ಘೋಷಿಸಿತ್ತು. ಮರುವರ್ಷ ಅಡಿಗಲ್ಲು ಬಿದ್ದ ಕೆಲವೇ ವಾರಗಳಲ್ಲಿ ಕೆಲಸ ನಿಂತಿತು. ಆ ಹರಕೆಯ ದೇವಾಲಯ ವಾರ್ಸಾದ ಬೇರೊಂದು ಸ್ಥಳದಲ್ಲಿ ಮೈದಾಳಿ 2016ರ ನವೆಂಬರ್ 11ರಂದು ಉದ್ಘಾಟನೆಗೊಂಡಿತು. 225 ವರ್ಷಗಳ ಬಳಿಕ!

ಪ್ರಿಯ ಓದುಗರೇ, ನಮ್ಮ ಧರ್ಮಕೇಂದ್ರಗಳಲ್ಲಿ ಮಗನೋ ಮಗಳೋ ಪರದೇಶದಲ್ಲಿಲ್ಲದ ಮನೆಗಳು ಇಂದು ಕಡಿಮೆ. ಅವರಿಗೆ ನಾವು ಜಪಸರವನ್ನೂ ಉಪ್ಪಿನಕಾಯಿಯನ್ನೂ ಕಟ್ಟಿಕೊಡುತ್ತೇವೆ, ಒಳ್ಳೆಯದೇ. ಅದರೊಡನೆ ನಮ್ಮ ಗಣರಾಜ್ಯವು 1950ರ ಜನವರಿ 26ರಂದು ಕೈಗೊಂಡ ಪ್ರತಿಜ್ಞೆಯನ್ನೂ ಕಟ್ಟಿಕೊಡೋಣ. ಅದರಲ್ಲಿ ನಮ್ಮ ಆರಾಧನೆಯ ಸ್ವಾತಂತ್ರ್ಯವಿದೆ. ನಮ್ಮ ಮನೆಯ ಕೆಲಸದಾಕೆಯ ಘನತೆಯೂ ಇದೆ. ಮೊದಲನೆಯದನ್ನು ನೆನೆದು ಎರಡನೆಯದನ್ನು ಮರೆತರೆ ನಾವೂ ರಾಜ ಯಾನ್ ಕಾಜಿಮಿರನಂತೆ ಅರ್ಧ ಪ್ರತಿಜ್ಞೆಯನ್ನಷ್ಟೇ ಉಳಿಸಿಕೊಂಡಂತಾಗುತ್ತದೆ.