ಗುಡಾಣದೊಳಗೆ ಏನಿತ್ತು?

ಗುಡಾಣ ಅಂದರೆ ಗೊತ್ತಲ್ಲ? ದಪ್ಪ ಹೊಟ್ಟೆಯ ದೊಡ್ಡ ಮಣ್ಣಿನ ಮಡಕೆ. ಹಿಂದೆ ನಮ್ಮ ಹಳ್ಳಿಯ ಮನೆಗಳಲ್ಲಿ ಇವು ಸಾಲಾಗಿ ಕೂತಿರುತ್ತಿದ್ದವು. ರಾಗಿ, ಹುರುಳಿ, ಅವರೆ ತುಂಬುವುದು. ಬಾಯಿಗೆ ಮುಚ್ಚಳ ಇಟ್ಟು ಸಗಣಿ ಮೆತ್ತುವುದು. ಆಮೇಲೆ ಕಾಳು ಇಲಿಗೂ ಸಿಗದು, ಹುಳಕ್ಕೂ ಸಿಗದು.

ಈ ಗುಡಾಣಕ್ಕೆ ಬಹಳ ವಯಸ್ಸಾಗಿದೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆಯೂ ನಮ್ಮ ನಾಡಿನಲ್ಲಿ ದೊಡ್ಡ ಮಡಕೆಗಳು ಇದ್ದವು. ಆಗ ಕಬ್ಬಿಣ ಇರಲಿಲ್ಲ. ಕಲ್ಲನ್ನು ಉಜ್ಜಿ, ನಯ ಮಾಡಿ ಕೊಡಲಿ ಮಾಡಿಕೊಳ್ಳುತ್ತಿದ್ದರು. ಆ ಕಾಲವನ್ನು ಹೊಸ ಶಿಲಾಯುಗ ಅನ್ನುತ್ತಾರೆ. ಜನ ದನ ಸಾಕುತ್ತಿದ್ದರು. ಹುರುಳಿ, ಹೆಸರು, ಕಿರುಧಾನ್ಯ ಬೆಳೆಯುತ್ತಿದ್ದರು. ಬೆಳೆದದ್ದನ್ನು ಮುಂದಿನ ಬೆಳೆಯವರೆಗೆ ಕಾಪಾಡಬೇಕಲ್ಲ? ಅದಕ್ಕೆ ಮಡಕೆ ಬೇಕಾಯಿತು. ಹೆಚ್ಚಿನ ಮಡಕೆಗಳನ್ನು ತಿಗರಿ ಇಲ್ಲದೆ ಕೈಯಲ್ಲೇ ಮಾಡುತ್ತಿದ್ದರು.

ಇದೆಲ್ಲ ನಮಗೆ ಹೇಗೆ ಗೊತ್ತಾಯಿತು? ಹಳೆಯ ಊರುಗಳ ನೆಲವನ್ನು ಅಗೆದು ನೋಡಿದ್ದರಿಂದ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದರು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ, ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅಗೆಸಿದರು. ಮಡಕೆಗಳು ಬೇಕಾದಷ್ಟು ಸಿಕ್ಕವು. ಕೆಲವು ಮಡಕೆಗಳ ಒಳಗೆ ಕಾಳು ಇರಲಿಲ್ಲ. ಸಣ್ಣ ಸಣ್ಣ ಮೂಳೆಗಳು ಇದ್ದವು. ಎಳೆ ಕೂಸುಗಳ ಮೂಳೆ.

ದೊಡ್ಡವರು ಸತ್ತರೆ ಗುಂಡಿ ತೋಡಿ, ಉದ್ದಕ್ಕೆ ಮಲಗಿಸಿ ಹೂಳುತ್ತಿದ್ದರು. ಕೂಸು ಸತ್ತರೆ ಮಡಕೆಯೊಳಗೆ ಇಟ್ಟು ಹೂಳುತ್ತಿದ್ದರು. ಅದೂ ಊರಾಚೆ ಅಲ್ಲ. ವಾಸದ ಜಾಗದಲ್ಲೇ, ಎಷ್ಟೋ ಸಲ ಮನೆಯ ನೆಲದ ಕೆಳಗೇ.

ಯಾಕೆ ಹೀಗೆ? ಆ ಜನಕ್ಕೆ ಅಕ್ಷರ ಇರಲಿಲ್ಲ. ಏನನ್ನೂ ಬರೆದಿಟ್ಟು ಹೋಗಲಿಲ್ಲ. ಮಡಕೆಯನ್ನು ತಾಯಿಯ ಬಸಿರಿನ ಹಾಗೆ ಕಂಡರು ಅಂತ ಕೆಲವರು ಹೇಳುತ್ತಾರೆ. ಇರಬಹುದು. ನನಗೆ ಇನ್ನೊಂದು ಅನಿಸುತ್ತದೆ. ಕಾಳನ್ನು ಇಲಿಗೆ ಬಿಡದೆ ಕಾಯುವುದು ಮಡಕೆ. ಹೆತ್ತ ಕೂಸನ್ನು ನಾಯಿ ನರಿಗೆ ಬಿಡಲು ಯಾವ ತಾಯಿಗೆ ಮನಸ್ಸು ಬಂದೀತು? ಮನೆಯಲ್ಲಿದ್ದ ಗಟ್ಟಿ ಪಾತ್ರೆಯನ್ನೇ ತಂದುಕೊಟ್ಟಿರಬೇಕು.

ಮುಂದೆ ದೊಡ್ಡವರಿಗೂ ಮಡಕೆ ಬಂತು. ತೆಕ್ಕಲಕೋಟೆಯಲ್ಲಿ ಹಲವು ಮಡಕೆಗಳನ್ನು ಬಾಯಿಗೆ ಬಾಯಿ ಕೂಡಿಸಿ, ಅಡ್ಡಲಾಗಿ ಮಲಗಿಸಿ, ಅದರಲ್ಲಿ ಹೆಣ ಇಟ್ಟಿದ್ದಾರೆ.

ಆಮೇಲೆ ಕಬ್ಬಿಣದ ಕಾಲ. ತಮಿಳುನಾಡಿನ ತೆಂಕಣ ತುದಿಯಲ್ಲಿ, ತಾಮ್ರಪರ್ಣಿ ನದಿಯ ದಡದಲ್ಲಿ ಆದಿಚ್ಚನಲ್ಲೂರು ಅಂತ ಒಂದು ಊರಿದೆ. ಅಲ್ಲಿ ಸತ್ತವರಿಗಾಗಿಯೇ ಮಾಡಿದ ದೊಡ್ಡ ಗುಡಾಣಗಳಿವೆ. 2004-05ರಲ್ಲಿ ಕೇಂದ್ರ ಪುರಾತತ್ವ ಇಲಾಖೆಯವರು ಅಗೆದಾಗ 150ಕ್ಕೂ ಹೆಚ್ಚು ಗುಡಾಣ ಸಿಕ್ಕವು. ತಮಿಳಿನಲ್ಲಿ ಇದಕ್ಕೆ ತಾಳಿ ಅನ್ನುತ್ತಾರೆ. ಮದುವೆಯ ತಾಳಿ ಬೇರೆ, ಇದು ಬೇರೆ! ಗಂಡನ ಗುಡಾಣದಲ್ಲಿ ತನಗೂ ಜಾಗ ಇರಲಿ ಎಂದು ಹೆಣ್ಣೊಬ್ಬಳು ಕುಂಬಾರನನ್ನು ಬೇಡುವ ಪದ್ಯವೊಂದು ಪುರನಾನೂರು ಎಂಬ ಹಳೆಯ ತಮಿಳು ಗ್ರಂಥದಲ್ಲಿದೆ.

ಹೊಲ ಉಳುವಾಗ, ಪಾಯ ತೋಡುವಾಗ ಇಂಥ ಮಡಕೆಗಳು ಈಗಲೂ ಸಿಗುವುದುಂಟು. ಕೆಲವರು ದೆವ್ವ ಅಂತ ಓಡುತ್ತಾರೆ. ಕೆಲವರು ನಿಧಿ ಅಂತ ರಾತ್ರೋರಾತ್ರಿ ಒಡೆಯುತ್ತಾರೆ. ಆದಿಚ್ಚನಲ್ಲೂರಿನಲ್ಲಿ ತೆಳ್ಳನೆಯ ಚಿನ್ನದ ಪಟ್ಟಿಗಳು ಸಿಕ್ಕಿದ್ದು ನಿಜ. ಆದರೆ ಹೆಚ್ಚಿನವುಗಳಲ್ಲಿ ಇರುವುದು ಮೂಳೆ, ತುಕ್ಕು ಹಿಡಿದ ಕಬ್ಬಿಣ, ಪುಟ್ಟ ಕುಡಿಕೆ, ಮತ್ತೆ ಮಣ್ಣು. ಒಡೆದವನಿಗೆ ಏನೂ ದಕ್ಕುವುದಿಲ್ಲ. ಒಳಗಿದ್ದ ಸುದ್ದಿಯೂ ಹಾಳು. ನಿಮ್ಮ ಹೊಲದಲ್ಲಿ ಸಿಕ್ಕರೆ ಅಲುಗಿಸಬೇಡಿ, ತೊಳೆಯಬೇಡಿ. ತಹಶೀಲ್ದಾರರಿಗೆ ತಿಳಿಸಿ.

ಬರೀ ಮಣ್ಣಿನಲ್ಲಿ ಏನು ಸುದ್ದಿ ಇರುತ್ತದೆ ಅಂತೀರಾ? ಆದಿಚ್ಚನಲ್ಲೂರಿಗೆ ಹತ್ತಿರದಲ್ಲೇ ಶಿವಕಳೈ ಎಂಬ ಊರಿದೆ. ಅಲ್ಲಿಯ ಒಂದು ಗುಡಾಣದ ಮಣ್ಣಿನಲ್ಲಿ ಭತ್ತ ಸಿಕ್ಕಿತು. ಅದನ್ನು ಪ್ರಯೋಗಶಾಲೆಗೆ ಕಳಿಸಿದರು. ಪ್ರತಿ ಗಿಡದಲ್ಲೂ ಒಂದು ಬಗೆಯ ಇಂಗಾಲ ಇರುತ್ತದೆ. ಗಿಡ ಸತ್ತ ಮೇಲೆ ವರ್ಷ ಕಳೆದ ಹಾಗೆ ಅದು ಕಮ್ಮಿ ಆಗುತ್ತಾ ಹೋಗುತ್ತದೆ. ಎಷ್ಟು ಉಳಿದಿದೆ ಅಂತ ಅಳೆದರೆ ವಯಸ್ಸು ಗೊತ್ತಾಗುತ್ತದೆ. ಹಾಗೆ ಅಳೆದಾಗ ಆ ಭತ್ತ ಕ್ರಿಸ್ತಪೂರ್ವ 1155ರ ಹೊತ್ತಿನದು ಅಂತ ತಿಳಿಯಿತು. ಅಂದರೆ 3,100 ವರ್ಷಕ್ಕೂ ಹಳೆಯದು. ತಮಿಳುನಾಡು ಸರ್ಕಾರ ಇದನ್ನು 2021ರಲ್ಲಿ ಪ್ರಕಟಿಸಿತು. ಸತ್ತವರ ದಾರಿಗೆ ಬುತ್ತಿ ಅಂತ ಯಾರೋ ಇಟ್ಟಿದ್ದಿರಬೇಕು.