ವಿಮಾನದ ಜೀವ ತಂತಿಯಲ್ಲಿ

ಮಗ ಹಾರುವ ಮಾಡೆಲ್ ವಿಮಾನ ಬೇಕೆಂದು ಹಟ ಹಿಡಿದರೆ ತಂದೆತಾಯಿ ಮೊದಲು ವಿಚಾರಿಸುವುದು ಎಂಜಿನ್ನಿನ ಬೆಲೆ. ಆಮೇಲೆ ಬಾಲ್ಸಾ ಮರ, ಇಂಧನ, ಪ್ರೊಪೆಲ್ಲರು. ತಂತಿಯ ಬಗ್ಗೆ ಕೇಳುವವರು ಅಪರೂಪ. ಹುಡುಗನಿಗೂ ವಿಮಾನಕ್ಕೂ ಇರುವ ಸಂಬಂಧ ಆ ಎರಡು ತಂತಿಗಳು ಮಾತ್ರ.

ಎನ್‌.ಸಿ.ಸಿ. ವಾಯು ವಿಭಾಗದ ಕೆಡೆಟ್‌ಗಳಿಗೆ ‘ಕಂಟ್ರೋಲ್ ಲೈನ್’ ಹೊಸದಲ್ಲ. 1940ರ ಸುಮಾರಿಗೆ ಅಮೆರಿಕದ ಜಿಮ್ ವಾಕರ್ ಜನಪ್ರಿಯಗೊಳಿಸಿದ ಪದ್ಧತಿ ಇದು. ಹಾರಿಸುವವನು ನಡುವೆ ನಿಲ್ಲುತ್ತಾನೆ, ವಿಮಾನ ಅವನ ಸುತ್ತ ತಿರುಗುತ್ತದೆ. ಕೈಹಿಡಿಯನ್ನು ಓರೆ ಮಾಡಿದರೆ ಒಂದು ತಂತಿ ಹಿಂದಕ್ಕೆ, ಇನ್ನೊಂದು ಮುಂದಕ್ಕೆ ಸರಿಯುತ್ತದೆ. ವಿಮಾನದೊಳಗಿನ ‘ಬೆಲ್‌ಕ್ರ್ಯಾಂಕ್’ ಎಂಬ ಸನ್ನೆ ಹೊರಳಿ ಬಾಲದ ರೆಕ್ಕೆಯನ್ನು ಏರಿಳಿಸುತ್ತದೆ.

ತಂತಿಯ ಮೇಲೆ ಎಷ್ಟು ಎಳೆತ ಬೀಳುತ್ತದೆ? ಹತ್ತನೆಯ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕ. ವಿಮಾನ ಒಂದೂವರೆ ಕಿಲೋ, ತಂತಿ 20 ಮೀಟರ್, ಒಂದು ಸುತ್ತಿಗೆ 5 ಸೆಕೆಂಡ್ ಎನ್ನಿ. ವೇಗ ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ 90 ಕಿ.ಮೀ. ವೇಗದ ವರ್ಗವನ್ನು ರಾಶಿಯಿಂದ ಗುಣಿಸಿ, ತ್ರಿಜ್ಯದಿಂದ ಭಾಗಿಸಿದರೆ ಸುಮಾರು 47 ನ್ಯೂಟನ್. ವಿಮಾನದ ತೂಕದ ಮೂರು ಪಟ್ಟಿಗೂ ಹೆಚ್ಚು! ತಂತಿ ಹರಿದರೆ ವಿಮಾನ ನೇರ ಹೊರಮುಖವಾಗಿ ಹೋಗುವುದಿಲ್ಲ, ಹರಿದ ಬಿಂದುವಿನ ಸ್ಪರ್ಶರೇಖೆಯಲ್ಲಿ ಸಾಗುತ್ತದೆ. ಅಲ್ಲಿ ಯಾರು ನಿಂತಿದ್ದಾರೆಂಬುದೇ ಪ್ರಶ್ನೆ.

ಮೀನು ಹಿಡಿಯುವ ನೈಲಾನ್ ದಾರ ಸಾಲದೇ ಎಂದು ಹಲವರು ಕೇಳುತ್ತಾರೆ. ಅದು ಹರಿಯದೆಯೂ ಇರಬಹುದು, ಆದರೆ ಹಿಗ್ಗುತ್ತದೆ. ಮೇಲಿನ ಎಳೆತವನ್ನು 0.38 ಮಿ.ಮೀ. ದಪ್ಪದ ಎರಡು ಉಕ್ಕಿನ ತಂತಿಗಳು ಹಂಚಿಕೊಂಡರೆ ಪ್ರತಿಯೊಂದೂ ಹಿಗ್ಗುವುದು ಸುಮಾರು 2 ಸೆಂ.ಮೀ. ಅದೇ ದಪ್ಪದ ನೈಲಾನ್ ಒಂದು ಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಕೈ ಹೇಳಿದ್ದು ಬಾಲಕ್ಕೆ ತಲುಪುವಷ್ಟರಲ್ಲಿ ವಿಮಾನ ನೆಲ ಮುಟ್ಟಿರುತ್ತದೆ. ಒಂದು ಸಿ.ಸಿ.ಗೂ ಕಡಿಮೆಯ ಪುಟ್ಟ ಎಂಜಿನ್ನಿನ ವಿಮಾನಕ್ಕೆ ಡೆಕ್ರಾನ್ ದಾರ ನಡೆಯುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯೇ ಸರಿ.

ದಪ್ಪ ಹೆಚ್ಚಿದಷ್ಟೂ ಒಳ್ಳೆಯದೆಂಬುದು ತಪ್ಪು ಲೆಕ್ಕ. ದಪ್ಪ ತಂತಿಗೆ ಗಾಳಿಯ ತಡೆ ಹೆಚ್ಚು; ಅದು ಬಿಲ್ಲಿನಂತೆ ಹಿಂದಕ್ಕೆ ಬಾಗಿ ವಿಮಾನದ ವೇಗವನ್ನೇ ತಿನ್ನುತ್ತದೆ. ಎರಡೂವರೆ ಸಿ.ಸಿ. ಎಂಜಿನ್ನಿಗೆ 0.3 ಮಿ.ಮೀ., ಆರು ಸಿ.ಸಿ.ಯವರೆಗೆ 0.38, ಹತ್ತು ಸಿ.ಸಿ.ಗೆ 0.46 ಎಂಬುದು ಸಾಮಾನ್ಯ ರೂಢಿ. ಒಂಟಿ ಎಳೆಯ ತಂತಿಗೆ ಗಾಳಿಯ ತಡೆ ಕಡಿಮೆ, ಆದರೆ ಬೇಗ ಮುರುಟುತ್ತದೆ. ಹಲವು ಎಳೆ ಹೊಸೆದದ್ದು ಮೆತ್ತಗೆ ಸುತ್ತಿಕೊಳ್ಳುತ್ತದೆ. ಕಲಿಯುವವರಿಗೆ ಎರಡನೆಯದನ್ನೇ ಕೊಡಿಸಿ.

ತಂತಿ ಸಾಮಾನ್ಯವಾಗಿ ನಡುವೆ ಹರಿಯುವುದಿಲ್ಲ, ತುದಿಯ ಕುಣಿಕೆಯಲ್ಲಿ ಹರಿಯುತ್ತದೆ. ಗಂಟು ಹಾಕಬಾರದು. ಸಣ್ಣ ಲೋಹದ ಬಳೆಯ ಸುತ್ತ ತಂತಿಯನ್ನು ಮಡಿಸಿ, ತೆಳುವಾದ ತಾಮ್ರದ ತಂತಿಯಿಂದ ಒತ್ತಾಗಿ ಸುತ್ತಬೇಕು. ಆಮೇಲೆ ಎರಡನ್ನೂ ಒಂದೇ ಮೊಳೆಗೆ ಸಿಕ್ಕಿಸಿ, ಬಿಗಿಯಾಗಿ ಎಳೆದು ಉದ್ದ ಸಮವೇ ನೋಡಿ. ಒಂದು ಗಿಡ್ಡವಾದರೆ ಕೈ ನೆಟ್ಟಗಿದ್ದರೂ ವಿಮಾನ ಏರುತ್ತಲೋ ಇಳಿಯುತ್ತಲೋ ಇರುತ್ತದೆ.

ಒಂದು ಲೂಪ್ ಹೊಡೆದರೆ ಎರಡು ತಂತಿಗಳೂ ಒಂದು ಸುತ್ತು ಹೆಣೆದುಕೊಳ್ಳುತ್ತವೆ. ತಂತಿ ಶುಚಿಯಾಗಿದ್ದರೆ ಚಿಂತೆಯಿಲ್ಲ, ಒಂದರ ಮೇಲೊಂದು ಜಾರುತ್ತವೆ. ಎಂಜಿನ್ನಿನ ಎಣ್ಣೆಗೆ ಮೈದಾನದ ಧೂಳು ಮೆತ್ತಿದ್ದರೆ ಅಂಟಿಕೊಳ್ಳುತ್ತವೆ. ಹಾರಾಟ ಮುಗಿದೊಡನೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಉದ್ದಕ್ಕೂ ಒರೆಸಿ, ಅಗಲವಾದ ರೀಲಿಗೆ ಸುತ್ತಿಡಿ. ಒರೆಸುವಾಗ ಬಟ್ಟೆಗೆ ಏನಾದರೂ ಸಿಕ್ಕಿಕೊಂಡರೆ ಒಂದು ಎಳೆ ಬಿಟ್ಟಿದೆ ಎಂದರ್ಥ. ಮುರುಟಿದ ಜಾಗವನ್ನು ನೇರ ಮಾಡಿ ಬಳಸುವುದು ಬೇಡ. ಆ ಜೋಡಿಯನ್ನೇ ಬಿಡಿ. ಹಣ ಉಳಿಸುವ ಜಾಗ ಇದಲ್ಲ.

ಹಾರಿಸುವ ಮುನ್ನ ಎಳೆತದ ಪರೀಕ್ಷೆ ಆಗಲೇಬೇಕು. ಸ್ಟಂಟ್ ಹಾರಾಟಕ್ಕೆ ವಿಮಾನದ ತೂಕದ 10 ಪಟ್ಟು ಎಳೆಯುವುದು ರೂಢಿ. ನಮ್ಮ ಒಂದೂವರೆ ಕಿಲೋ ವಿಮಾನಕ್ಕೆ ಸ್ಪ್ರಿಂಗ್ ತ್ರಾಸಿನಲ್ಲಿ 15 ಕಿಲೋ ತೋರಬೇಕು. ಕೈಹಿಡಿಯಿಂದ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿರಲಿ.

ಪೋಷಕರಿಗೆ ಒಂದು ಮಾತು. ಉಕ್ಕಿನ ತಂತಿ ವಿದ್ಯುತ್ ವಾಹಕ. ಕೆ.ಇ.ಬಿ. ಕಂಬ ಎಂದೇ ಈಗಲೂ ನಾವು ಕರೆಯುವ ಕಂಬಗಳ ತಂತಿಗೆ ಇದು ತಗುಲಿದರೆ ಕೈಹಿಡಿ ಹಿಡಿದ ಮಗು ಉಳಿಯದು. ಮೈದಾನದ ಸುತ್ತ ಒಮ್ಮೆ ನೀವೇ ನಡೆದು, ಕತ್ತೆತ್ತಿ ನೋಡಿ. ಗುಡುಗು ಕೇಳಿಸಿದರೆ ಆ ದಿನ ಆಟ ಬೇಡ.

ಬಿಟ್ಟ ತಂತಿಯನ್ನು ಎಸೆಯಬೇಕಾಗಿಲ್ಲ. ಒಂಟಿ ಎಳೆಯದಾದರೆ ಮುರುಟದ ಒಂದೂವರೆ ಮೀಟರ್ ತುಂಡು ಶಾಲೆಯ ಸೋನೋಮೀಟರಿಗೆ ಹೊಂದುತ್ತದೆ.