ಕತ್ತಿನ ನೋವಿಗೆ ಕಣ್ಣಿನ ನೆರವು

ಮೂರು ತಿಂಗಳು ಮೀರಿ ಉಳಿಯುವ ಕತ್ತುನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲಿಕವೆಂದು ಗಣಿಸುತ್ತದೆ. ಇಂತಹ ರೋಗಿಗಳು ಎಣ್ಣೆ ತಿಕ್ಕಿಸಿಕೊಂಡು ಎರಡು ದಿನ ಹಾಯಾಗಿದ್ದು, ಮೂರನೆಯ ದಿನ ಅದೇ ನೋವಿನೊಡನೆ ನಮ್ಮ ಬಳಿಗೆ ಬರುವುದುಂಟು. ಕೈಚಿಕಿತ್ಸೆಯಿಂದ ಬಿಗಿತ ಸಡಿಲಗೊಂಡರೂ ಕತ್ತಿನ ಚಲನೆಯ ರೂಢಿ ಬದಲಾಗದಿರುವುದು ಇದಕ್ಕೊಂದು ಕಾರಣ. ಆ ರೂಢಿಯನ್ನು ತಿದ್ದಲು ಕಣ್ಣುಗಳ ವ್ಯಾಯಾಮವು ನೆರವಾಗಬಲ್ಲದು.

ಕಣ್ಣಿಗೂ ಕತ್ತಿಗೂ ಏನು ಸಂಬಂಧ? ತಲೆಬುರುಡೆಯ ಬುಡದಲ್ಲಿ ಎಡಕ್ಕೆ 4, ಬಲಕ್ಕೆ 4 ಚಿಕ್ಕ ಸ್ನಾಯುಗಳಿವೆ. ತಲೆ ಎತ್ತ ತಿರುಗಿದೆಯೆಂದು ಮೆದುಳಿಗೆ ತಿಳಿಸುವ ಸೂಕ್ಷ್ಮ ಸಂವೇದಕಗಳು ಇವುಗಳಲ್ಲಿ ದಟ್ಟವಾಗಿವೆ. ಅಲ್ಲಿ ಬೆರಳಿಟ್ಟು, ತಲೆಯನ್ನು ಅಲುಗಿಸದೆ ಕಣ್ಣುಗಳನ್ನಷ್ಟೇ ಹೊರಳಿಸಿದರೆ ಸ್ನಾಯುಗಳ ಮಿಡುಕು ಬೆರಳಿಗೆ ತಿಳಿಯುವುದುಂಟು. ಸುಶ್ರುತ ಸಂಹಿತೆಯ ನಿದಾನಸ್ಥಾನವು ಮನ್ಯಾಸ್ತಂಭದ ಕಾರಣಗಳಲ್ಲಿ ಹಗಲುನಿದ್ರೆಯೊಡನೆ ಮೇಲ್ಮುಖವಾಗಿ ದಿಟ್ಟಿಸುವುದನ್ನೂ ಹೇಳಿರುವುದು ಗಮನಾರ್ಹ.

ಮೊದಲು ಬಿಗಿತವನ್ನು ಬಿಡಿಸಬೇಕು. ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ಕತ್ತು ಹಾಗೂ ಭುಜಗಳಿಗೆ ಮೃದುವಾದ ಅಭ್ಯಂಗ, ಬಳಿಕ ಹಿತವಾದ ಶಾಖ ಮನೆಯಲ್ಲಿಯೇ ಸಾಧ್ಯ. ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬಿಸಿಯೆಣ್ಣೆ ನಿಲ್ಲಿಸುವ ಗ್ರೀವಾಬಸ್ತಿಯನ್ನೂ ಕೀಲುಗಳನ್ನು ಸಡಿಲಿಸುವ ಕೈಚಿಕಿತ್ಸೆಯನ್ನೂ ಬಲ್ಲವರೇ ಮಾಡಬೇಕು.

ಅನಂತರ ಕಣ್ಣಿನ ವ್ಯಾಯಾಮ. ಬೆನ್ನಿಗೆ ಆಸರೆಯಿಟ್ಟು ನೆಟ್ಟಗೆ ಕುಳಿತು, ಕೈಚಾಚಿ ಹೆಬ್ಬೆರಳನ್ನು ಕಣ್ಣಿನ ಮಟ್ಟದಲ್ಲಿ ಹಿಡಿಯಬೇಕು. ತಲೆಯನ್ನು ನಿಶ್ಚಲವಾಗಿರಿಸಿ, ನಿಧಾನವಾಗಿ ಎಡಬಲಕ್ಕೂ ಮೇಲೆಕೆಳಗೂ ಸರಿಯುವ ಬೆರಳನ್ನು ಕಣ್ಣುಗಳಿಂದಷ್ಟೇ ಹಿಂಬಾಲಿಸಬೇಕು. ಬಳಿಕ ಬೆರಳನ್ನು ಸ್ಥಿರವಾಗಿಟ್ಟು, ದೃಷ್ಟಿಯನ್ನು ಅದರಲ್ಲಿಯೇ ನೆಟ್ಟು, ನೋವಾಗದಷ್ಟು ಮಾತ್ರ ತಲೆಯನ್ನು ಮೆಲ್ಲಗೆ ಎಡಬಲಕ್ಕೆ ತಿರುಗಿಸಬೇಕು. ಪ್ರತಿಯೊಂದನ್ನೂ 5 ಸಲದಂತೆ, ದಿನಕ್ಕೆರಡು ಬಾರಿ ಮಾಡಿದರೆ ಆರಂಭಕ್ಕೆ ಸಾಕು. ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಬೇಕು. ಫಲ ಕಾಣಲು ಕೆಲವು ವಾರಗಳ ತಾಳ್ಮೆ ಬೇಕು. ಎಲ್ಲರಿಗೂ ಒಂದೇ ಬಗೆಯ ಫಲ ದೊರೆಯದು.

ಕ್ಷೌರದಂಗಡಿಯಲ್ಲಿ ತಲೆಯನ್ನು ಹಠಾತ್ತನೆ ತಿರುಗಿಸಿ ಕತ್ತಿನ ನೆಟಿಕೆ ಮುರಿಸಿಕೊಳ್ಳುವುದು ಅಪಾಯಕರ. ಕತ್ತಿನೊಳಗೆ ಮೆದುಳಿಗೆ ರಕ್ತವೊಯ್ಯುವ ಧಮನಿಗಳಿದ್ದು, ಅವುಗಳಿಗೆ ಪೆಟ್ಟಾದರೆ ಪಾರ್ಶ್ವವಾಯುವೂ ಉಂಟಾಗಬಹುದು. ಕೈಗಳಲ್ಲಿ ಜೋಮು ಅಥವಾ ಬಲಹೀನತೆ, ನಡೆಯುವಾಗ ತೂರಾಟ, ಎರಡೆರಡಾಗಿ ಕಾಣುವುದು, ಜ್ವರ, ಬಿದ್ದ ಬಳಿಕ ಬಂದ ನೋವು, ಇವುಗಳಲ್ಲಿ ಯಾವುದಿದ್ದರೂ ತಿಕ್ಕಿಸಿಕೊಳ್ಳದೆ ಮೊದಲು ವೈದ್ಯರನ್ನು ಕಾಣಬೇಕು.

ಇಷ್ಟಲಿಂಗ ಪೂಜೆಯಲ್ಲಿ ದೃಷ್ಟಿ ನಿಲ್ಲಿಸುವ ಶರಣಬಂಧುಗಳಿಗೆ ಒಂದು ಮಾತು: ಕತ್ತನ್ನು ಅಂಗೈಯತ್ತ ಬಾಗಿಸುವುದಕ್ಕಿಂತ, ಬೆನ್ನನ್ನು ನೆಟ್ಟಗಿರಿಸಿ ಅಂಗೈಯನ್ನೇ ದೃಷ್ಟಿಯತ್ತ ಎತ್ತಿಕೊಳ್ಳುವುದು ಲೇಸು.